ಅಡ್ಡ ಬೀಳುವವಳ ಬೆಲೆ

ನನ್ನ ತಂಗಿ ಸ್ಮಿತಾಳ ಎದುರು ಅವಳ ಮಗಳನ್ನು ಯಾರೂ ಹೊಗಳಬಾರದು. ಹೊಗಳಿದರೆ ದೃಷ್ಟಿ ತಾಗುತ್ತದೆ ಎಂದು ಅವಳಿಗೆ ಭಯ. 'ಸಿರಿ ಎಷ್ಟು ಎತ್ತರ ಬೆಳೆದಿದ್ದಾಳೆ' ಅಂದರೆ ಸಾಕು, 'ಎತ್ತರ ಏನ್ ಮಾಡೂದ್ರಿ, ಒಂದು ಚಪಾತಿ ಲಟ್ಟಿಸಾಕ ಬರೂದಿಲ್ಲ' ಎಂದು ತಕ್ಷಣ ಒಂದು ಕುಂದು ಸೇರಿಸುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳು ಬಂಗಾರದಂಥ ಮಗಳನ್ನೇ ಹೆಗ್ಗಣ ಎಂದು ತೋರಿಸುವವಳು. ಗದಗಿನ ಮನೆಯಲ್ಲಿ ನಮ್ಮವ್ವನೂ ನಮ್ಮಿಬ್ಬರಿಗೆ ಹೀಗೇ ಮಾಡುತ್ತಿದ್ದಳು, ಹಾಗಾಗಿ ನಾನು ಇದನ್ನು ಒಂದು ಚಾಳಿ ಎಂದು ಬಿಟ್ಟುಬಿಟ್ಟಿದ್ದೆ. ಆದರೆ ಈ ಸಲ ಅದು ಸಿರಿಯ ಕಾಂಟ್ರ್ಯಾಕ್ಟಿನ ಕುತ್ತಿಗೆಗೇ ಬಂತು.

ಸಿರಿ ನ್ಯೂಜೆರ್ಸಿಯ ಮಹಿಳೆಯರ ಪ್ರೊಫೆಷನಲ್ ಐಸ್ ಹಾಕಿ ತಂಡದಲ್ಲಿ ಡಿಫೆಂಡರ್. ನಾನು ಸೌಜನ್ಯ, ಅವಳ ದೊಡ್ಡವ್ವ, ಜೊತೆಗೆ ಅವಳ ಏಜೆಂಟ್. ಮೆಟುಚೆನ್ ಸ್ಟೇಷನ್ನಿನ ಹತ್ತಿರ ನನ್ನ ವಕೀಲಿಕೆಯ ಆಫೀಸಿದೆ. ಮನೆ ಕೊಳ್ಳುವವರ, ಮಾರುವವರ ವ್ಯವಹಾರ ನೋಡುತ್ತೇನೆ. ಸಿರಿಯ ಹಿಂದಿನ ಏಜೆಂಟ್ ಅವಳ ಫೋನನ್ನೇ ಎತ್ತುತ್ತಿರಲಿಲ್ಲ. ಆ ಸಿಟ್ಟಿಗೆ ನಾನೇ ಆಟಗಾರರ ಸಂಘದಿಂದ ಏಜೆಂಟ್ ಎಂದು ಅನುಮತಿ ಪಡೆದುಕೊಂಡೆ. ನನಗಿರುವುದು ಅವಳೊಬ್ಬಳೇ ಕ್ಲೈಂಟ್. ಹೆಸರು ಸೌಜನ್ಯವಾದರೂ ಚೌಕಾಸಿಗೆ ಕೂತರೆ ಆ ಗುಣ ನನ್ನ ಹತ್ತಿರ ಸುಳಿಯುವುದಿಲ್ಲ ಎಂದು ಊರಿಗೆಲ್ಲ ಗೊತ್ತು.

ಅವಳ ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು. ಐಸ್ ಹಾಕಿಯಲ್ಲಿ ಚೆಂಡಿಲ್ಲ. ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಹೆದ್ದಾರಿಯ ಕಾರಿಗಿಂತ ಜೋರಾಗಿ ಬರುತ್ತದೆ. ಬುದ್ಧಿ ಇದ್ದವರು ಪಕ್ಕಕ್ಕೆ ಸರಿಯುತ್ತಾರೆ. ಸಿರಿಯ ಕೆಲಸ ಅದಕ್ಕೆ ಅಡ್ಡ ಬೀಳುವುದು. ಎದುರಾಳಿ ಕೋಲು ಹಿಂದಕ್ಕೆತ್ತಿದ ಕೂಡಲೇ ಇವಳು ಎಡ ಮೊಣಕಾಲೂರಿ ಮಂಜಿನ ಮೇಲೆ ಜಾರಿ ಎದೆಯೊಡ್ಡುತ್ತಾಳೆ. ಪಕ್ ಬಡಿದ ಸದ್ದು ಮೇಲಿನ ಸಾಲಿನವರೆಗೂ ಕೇಳುತ್ತದೆ. ಮರುಕ್ಷಣ ಎದ್ದು, ಯಾರ ಮುಖವನ್ನೂ ನೋಡದೆ, ಮತ್ತೆ ತನ್ನ ಜಾಗಕ್ಕೆ. ಮೊದಲ ಸಲ ನೋಡಿದಾಗ ನಾನು ಸೀಟಿನಿಂದೆದ್ದು ಕೂಗಿದ್ದೆ. ಈಗಲೂ ಕೂಗುತ್ತೇನೆ, ಆದರೆ ಅದು ಹೆದರಿಕೆಯ ಕೂಗಲ್ಲ. ನಮ್ಮ ವಂಶದಲ್ಲಿ ಇಂಥ ಧೈರ್ಯ ಯಾರಿಗೂ ಇರಲಿಲ್ಲ, ಇದ್ದರೂ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ.

ತೊಂದರೆ ಏನೆಂದರೆ ಇಂಥ ಆಟಕ್ಕೆ ಬೆಲೆ ಕಟ್ಟುವುದು ಕಷ್ಟ. ಗೋಲು ಹೊಡೆದರೆ ಲೆಕ್ಕಕ್ಕೆ ಸಿಗುತ್ತದೆ. ಸಿರಿ ಇಡೀ ಸೀಸನ್ನಿನಲ್ಲಿ ಹೊಡೆದದ್ದು ಒಂದೇ ಗೋಲು, ಅದೂ ಯಾರದೋ ಬೆನ್ನಿಗೆ ತಾಗಿ ಒಳಹೋಗಿತ್ತು. ತಂಡದ ಜನರಲ್ ಮ್ಯಾನೇಜರ್ ಡೋನಾ ಕಂಪ್ಯೂಟರಿನ ಅಂಕಿಗಳನ್ನು ನಂಬುವ ಹೆಂಗಸು. ಚಳಿಗಾಲವೆಲ್ಲ ಅವಳ ಬೆನ್ನು ಹತ್ತಿ, ಸಿರಿ ತಡೆದದ್ದರಿಂದ ಆಗದೇ ಹೋದ ಗೋಲುಗಳ ಬೆಲೆಯನ್ನು ತಿಳಿಸಿ ತಿಳಿಸಿ, ಕೊನೆಗೆ ಎರಡು ವರ್ಷದ ಕಾಂಟ್ರ್ಯಾಕ್ಟಿಗೆ ಒಪ್ಪಿಸಿದ್ದೆ. ಗಾಯವಾಗಿ ಕೂತರೂ ಎರಡನೇ ವರ್ಷ ಗ್ಯಾರಂಟಿ. ಸಹಿಯೊಂದು ಬಾಕಿ ಇತ್ತು. ಸಿರಿಗೆ ಇಪ್ಪತ್ತೆಂಟು ವರ್ಷ. ಈ ಎರಡು ವರ್ಷ ಸಿಗದಿದ್ದರೆ ಅವಳ ಹಾಕಿ ಮುಗಿದ ಹಾಗೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಸೀಸನ್ ಮುಗಿದು, ತಂಡದವರು ಮನೆಮಂದಿಗೆಲ್ಲ ಒಂದು ಊಟ ಇಟ್ಟರು. ಸ್ಮಿತಾ ಇಳಕಲ್ ಸೀರೆ ಉಟ್ಟು ಬಂದಳು. ನಾನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಆಗ ಡೋನಾ ಸ್ಮಿತಾಳ ಎರಡೂ ಕೈ ಹಿಡಿದು, 'ನಿಮ್ಮ ಮಗಳಷ್ಟು ಗಟ್ಟಿ ಹುಡುಗಿಯನ್ನು ನಾನು ಈ ಆಟದಲ್ಲೇ ನೋಡಿಲ್ಲ' ಎಂದಳಂತೆ. ನಾಲ್ಕು ಜನರ ಎದುರು, ಅಷ್ಟು ದೊಡ್ಡ ಹೊಗಳಿಕೆ! ನನ್ನ ತಂಗಿಯ ಜೀವ ಬಾಯಿಗೆ ಬಂತು. ಡೋನಾಗೆ ಚಪಾತಿಯ ವಿಷಯ ಹೇಳಿ ಉಪಯೋಗವಿಲ್ಲವೆಂದು ಹೊಳೆದಿರಬೇಕು. ಇದ್ದದ್ದರಲ್ಲಿ ದೊಡ್ಡ ಕುಂದನ್ನೇ ಹುಡುಕಿ ಕೊಟ್ಟಳು. ಗಟ್ಟಿ ಏನು ಬಂತು, ಎಡ ಮೊಣಕಾಲು ರಾತ್ರಿಯೆಲ್ಲ ನೋಯುತ್ತದೆ, ಬೆಳಿಗ್ಗೆ ಕಂಬಿ ಹಿಡಿಯದೆ ಮೆಟ್ಟಿಲು ಇಳಿಯಲಾರಳು ಎಂದು ವಿವರವಾಗಿ, ಒಳ್ಳೆಯ ಇಂಗ್ಲಿಷಿನಲ್ಲಿ.

ಎರಡು ದಿನದ ಮೇಲೆ ಡೋನಾ ಫೋನ್ ಮಾಡಿದಳು. ಆ ಮೊಣಕಾಲಿನ ಸುದ್ದಿ ನಾನು ಕೇಳಿದ್ದೇ ಆಗ. ಎರಡು ವರ್ಷದ ಮಾತು ಸದ್ಯಕ್ಕೆ ಬೇಡ. ಸಿರಿ ಶರತ್ಕಾಲದಲ್ಲಿ ತಂಡದ ತಾಲೀಮಿನ ಕ್ಯಾಂಪಿಗೆ ಬಂದು ಆಡಿ ತೋರಿಸಲಿ, ಆಮೇಲೆ ನೋಡೋಣ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಸೀದಾ ತಂಗಿಯ ಮನೆಗೆ ಡ್ರೈವ್ ಮಾಡಿಕೊಂಡು ಹೋದೆ. ಬಾಗಿಲಲ್ಲೇ ಶುರು ಮಾಡಿದೆ.

"ನಿನ್ನ ಬಾಯಿಗೆ ಬೀಗ ಇಲ್ಲೇನು? ಹೋಗೀ ಹೋಗೀ ಆಕಿ ಮುಂದ ಮೊಣಕಾಲಿನ ಸುದ್ದಿ ಹೇಳೂದಾ?"

"ಏನ್ ಮಾಡ್ಲಿ ಅಕ್ಕಾ, ಆಕಿ ಹಂಗ ಹೊಗಳಿದ ಕೂಡ್ಲೆ ನನ್ನ ಎದಿ ಧಸಕ್ ಅಂತು. ನಾ ಸುಮ್ನಿದ್ದು ನಾಳೆ ಕೂಸಿಗೆ ಏನರ ಆದ್ರ?"

"ಈಗ ಆತಲ್ಲ!"

ಸ್ಮಿತಾ ಸೋಫಾದ ತುದಿಯಲ್ಲಿ ಕೂತು ಅಳತೊಡಗಿದಳು. ನನಗೆ ಇನ್ನೂ ಬೈಯುವುದಿತ್ತು. ಮಾಳಿಗೆಯಿಂದ ಸಿರಿ ಇಳಿದು ಬಂದಳು, ಕಂಬಿ ಹಿಡಿದುಕೊಂಡೇ. ಅವಳು ನಮಗೆ ಉತ್ತರಿಸುವುದು ಇಂಗ್ಲಿಷಿನಲ್ಲಿ; ನಾನಿಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

"ದೊಡ್ಡವ್ವ, ಅಮ್ಮನಿಗೆ ಬೈಬೇಡ. ಅವಳು ಸುಳ್ಳು ಹೇಳಿಲ್ಲ."

"ಸುಳ್ಳಲ್ಲ, ಅದಕ್ಕೇ ಕಷ್ಟ," ಎಂದೆ. "ನಾಳೆ ಡೋನಾ ಹತ್ತಿರ ಹೋಗೋಣ. ಅಮ್ಮ ಸ್ವಲ್ಪ ಜಾಸ್ತಿ ಹೇಳಿದಳು, ತಾಯಿಯ ಕರುಳು ಅಂತ ನಾನು ಹೇಳ್ತೀನಿ. ನೀನು ಬಾಯಿ ಬಿಡಬೇಡ. ಕೇಳಿದರೆ, ಡಾಕ್ಟರು ಆಡಬಹುದು ಅಂದಿದ್ದಾರೆ ಅನ್ನು, ಅಷ್ಟೇ."

ಸಿರಿ ತಾಯಿಯ ಪಕ್ಕ ಕೂತು ಅವಳ ಭುಜದ ಮೇಲೆ ಕೈಹಾಕಿದಳು.

ಮರುದಿನ ನೆವಾರ್ಕಿನ ತಂಡದ ಆಫೀಸಿನಲ್ಲಿ ನಮ್ಮೆದುರು ಡೋನಾ, ಪಕ್ಕದಲ್ಲಿ ಕೋಚ್ ಪೀಟ್. ನಾನು ಗಂಟಲು ಸರಿಮಾಡಿಕೊಂಡು, ನಮ್ಮ ಕಡೆಯ ತಾಯಂದಿರು ಹೇಗೆ, ಹೊಗಳಿಕೆಗೆ ಯಾಕೆ ಹೆದರುತ್ತಾರೆ ಎಂದು ಒಂದು ಪುಟ್ಟ ಭಾಷಣ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಡೋನಾ ಪೂರ್ತಿ ಕೇಳಿ, ನನ್ನನ್ನು ಬಿಟ್ಟು ಸಿರಿಯ ಕಡೆ ತಿರುಗಿದಳು.

"ನೋಯುತ್ತದೆಯೋ ಇಲ್ಲವೋ?"

ಮೇಜಿನ ಕೆಳಗೆ ನಾನು ಸಿರಿಯ ಕಾಲು ಒದ್ದೆ. ಪುಣ್ಯಕ್ಕೆ ಬಲಗಾಲು.

"ನೋಯುತ್ತದೆ," ಎಂದಳು ಸಿರಿ. "ಅಮ್ಮ ಹೇಳಿದ್ದೆಲ್ಲ ನಿಜ. ನೋವಿದೆ ಅಂತ ತಂಡದ ಟ್ರೇನರ್‌ಗೆ ಹೇಳಿದ್ದೇನೆ, ಪ್ರತಿ ಪಂದ್ಯಕ್ಕೂ ಅವರೇ ಪಟ್ಟಿ ಸುತ್ತುತ್ತಾರೆ. ಮೆಟ್ಟಿಲಿನ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಮುಗಿಯಿತು ಅಂದುಕೊಂಡೆ. ಇವಳ ತಾಯಿ ಬಾಗಿಲು ಮುರಿದರೆ ಇವಳು ಗೋಡೆಯನ್ನೇ ಕೆಡವಿದಳಲ್ಲ! ಸಿಟ್ಟಿನಿಂದ ನನ್ನ ಕಿವಿ ಬಿಸಿಯಾದವು.

"ಯಾವಾಗಿನಿಂದ?" ಡೋನಾ ಕೇಳಿದಳು.

"ಅದನ್ನು ನೀವೇ ಹೇಳಿ. ಎಲ್ಲ ಪಂದ್ಯಗಳ ವಿಡಿಯೊ ನಿಮ್ಮ ಹತ್ತಿರ ಇದೆ. ನನ್ನ ಆಟ ಯಾವ ದಿನದಿಂದ ಕೆಟ್ಟಿತು ಅಂತ ಹುಡುಕಿ."

ಡೋನಾ ಪೀಟ್‌ನ ಮುಖ ನೋಡಿದಳು. ಪೀಟ್ ಲ್ಯಾಪ್‌ಟಾಪ್ ಎಳೆದುಕೊಂಡ. ಇಬ್ಬರೂ ತಲೆ ತಗ್ಗಿಸಿ ಒಂದಾದ ಮೇಲೊಂದು ತುಣುಕು ನೋಡುತ್ತ ಹೋದರು. ಪರದೆಯ ಮೇಲೆ ಸಿರಿ ಜಾರುತ್ತಿದ್ದಳು, ಬೀಳುತ್ತಿದ್ದಳು, ಏಳುತ್ತಿದ್ದಳು. ಬೇರೆ ಬೇರೆ ಊರು, ಬೇರೆ ಬೇರೆ ಎದುರಾಳಿ, ಅದೇ ಮೊಣಕಾಲು. ನಾನೂ ಕತ್ತು ಉದ್ದ ಮಾಡಿ ನೋಡಿದೆ. ಎಲ್ಲೂ ಒಂದು ಸಲವೂ ಅವಳು ಹಿಂಜರಿದು ನಿಂತದ್ದಿಲ್ಲ. ಬಹಳ ಹೊತ್ತಿನ ಮೇಲೆ ಪೀಟ್, "ಈ ಮಾರ್ಚ್ ಇರಬೇಕು. ಮಾರ್ಚಿನಲ್ಲಿ ಸ್ವಲ್ಪ ನಿಧಾನ ಕಾಣುತ್ತೆ," ಎಂದ.

"ಮಾರ್ಚಿನಲ್ಲಿ ನನಗೆ ಜ್ವರ ಬಂದಿತ್ತು," ಎಂದಳು ಸಿರಿ. "ಮೊಣಕಾಲು ಹೋದದ್ದು ಹಿಂದಿನ ಸೀಸನ್ನಿನ ಮೊದಲ ತಿಂಗಳಲ್ಲಿ."

ಪೀಟ್ ಲ್ಯಾಪ್‌ಟಾಪ್ ಮುಚ್ಚಿದ. ಹೆಚ್ಚುಕಡಿಮೆ ಎರಡು ಸೀಸನ್. ಅಷ್ಟೂ ದಿನ ಆ ಕಾಲಿನ ಮೇಲೆ ಬಿದ್ದೆದ್ದವಳನ್ನು ಕೋಚ್ ಕಂಡುಹಿಡಿಯಲಿಲ್ಲ, ಕಂಪ್ಯೂಟರ್ ಕಂಡುಹಿಡಿಯಲಿಲ್ಲ, ಏಜೆಂಟ್ ಎಂದು ಮೆರೆಯುವ ನಾನೂ ಕಂಡುಹಿಡಿಯಲಿಲ್ಲ. ಪಟ್ಟಿ ಸುತ್ತಿದ ಟ್ರೇನರ್‌ಗೂ ಅರ್ಧವೇ ಗೊತ್ತು, ಪೂರ್ತಿ ಗೊತ್ತಿದ್ದದ್ದು ಸ್ಮಿತಾ ಒಬ್ಬಳಿಗೇ.

ಡೋನಾ ಸೋಲುವ ಹೆಂಗಸಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಸರಿ. ಇಲ್ಲಿಯವರೆಗೆ ಆಡಿದೆ. ನಾಳೆ ಆ ಕಾಲು ಪೂರ್ತಿ ಕೈಕೊಟ್ಟರೆ? ಆಡದ ಆಟಗಾರ್ತಿಗೆ ನಾನು ಎರಡನೇ ವರ್ಷದ ಗ್ಯಾರಂಟಿ ಯಾಕೆ ಕೊಡಬೇಕು?"

ಈ ಪ್ರಶ್ನೆಗೆ ನನ್ನ ಹತ್ತಿರ ನಾಲ್ಕು ಉತ್ತರ ತಯಾರಿದ್ದವು, ನಾಲ್ಕೂ ಕಾನೂನಿನವು. ನಾನು ಬಾಯಿ ತೆರೆಯುವ ಮೊದಲೇ ಸಿರಿ ಮಾತಾಡಿದಳು. ದನಿ ಏರಿಸಲಿಲ್ಲ.

"ಪಕ್ ಬರುವಾಗ ಯೋಚನೆ ಮಾಡಲು ನನಗೆ ಸಮಯ ಇರುವುದಿಲ್ಲ. ಈವರೆಗೆ ಯೋಚನೆ ಮಾಡಿಯೂ ಇಲ್ಲ. ನೀವು ಗ್ಯಾರಂಟಿ ಕೊಡದಿದ್ದರೆ ಮುಂದಿನ ಸಲ ಬೀಳುವ ಮೊದಲು, ಈ ಕಾಲು ಹೋದರೆ ನಾಳೆ ನನಗೆ ಏನು ಅಂತ ಒಂದು ಕ್ಷಣ ಅನ್ನಿಸುತ್ತದೆ. ಆ ಒಂದು ಕ್ಷಣದಲ್ಲಿ ಗೋಲಾಗುತ್ತದೆ. ನೀವು ಕೊಳ್ಳುತ್ತಿರುವುದು ಆ ಕ್ಷಣವನ್ನು. ಮೊಣಕಾಲನ್ನಲ್ಲ."

ಇಷ್ಟು ವರ್ಷ ವಕೀಲಿಕೆ ಮಾಡಿದ್ದೇನೆ, ಎಷ್ಟೋ ಚೌಕಾಸಿ ಗೆದ್ದಿದ್ದೇನೆ. ಇಂಥ ಮಾತು ನನ್ನ ಬಾಯಿಂದ ಒಂದು ದಿನವೂ ಬಂದಿಲ್ಲ. ನಾನು ಕಲಿತದ್ದೆಲ್ಲ ಮರೆಮಾಚುವ ವಿದ್ಯೆ. ಈ ಹುಡುಗಿ ಇರುವ ಪೆಟ್ಟನ್ನೆಲ್ಲ ಮೇಜಿನ ಮೇಲಿಟ್ಟು, ಈಗ ಬೆಲೆ ಹೇಳಿ ಎಂದು ಕೂತಿದ್ದಳು. ಮಂಜಿನ ಮೇಲೆ ಹೇಗೋ ಇಲ್ಲಿಯೂ ಹಾಗೆಯೇ, ಸರಿಯಲಿಲ್ಲ. ಹೆಮ್ಮೆಯಿಂದ ನನಗೆ ಕಣ್ಣು ತುಂಬಿ ಬಂತು. ಪೀಟ್ ನೋಡಬಾರದೆಂದು ಬ್ಯಾಗಿನಲ್ಲಿ ಪೆನ್ನು ಹುಡುಕುವ ನಾಟಕ ಮಾಡಿದೆ.

ಡೋನಾ ಮತ್ತು ಪೀಟ್ ಹೊರಗೆ ಹೋಗಿ ಮಾತಾಡಿಕೊಂಡು ಬಂದರು. ಎರಡು ವರ್ಷ, ಎರಡೂ ಗ್ಯಾರಂಟಿ. ಬೇಸಿಗೆಯಲ್ಲಿ ಮೊಣಕಾಲಿಗೆ ಚಿಕಿತ್ಸೆ ಆಗಲೇಬೇಕು ಎಂದು ಡೋನಾ ಒಂದು ಷರತ್ತು ಹಾಕಿದಳು. ಡಾಕ್ಟರನ್ನು ಸಿರಿಯೇ ಆರಿಸಬೇಕು, ಖರ್ಚು ತಂಡದ್ದು ಎಂದು ನಾನು ಅದರ ಬಾಲಕ್ಕೆ ಸೇರಿಸಿದೆ. ಅಷ್ಟಾದರೂ ಮಾಡದಿದ್ದರೆ ನಾನು ಯಾತರ ಏಜೆಂಟ್? ಡೋನಾ ನಕ್ಕು ಒಪ್ಪಿದಳು, ಸಿರಿಯ ಕೈ ಕುಲುಕಿ ಬಹಳ ಹೊತ್ತು ಬಿಡಲಿಲ್ಲ.

ಪಾರ್ಕಿಂಗ್ ಲಾಟಿಗೆ ಬಂದು ಕಾರಿನಲ್ಲಿ ಕೂತ ಕೂಡಲೇ ಸಿರಿ ತಾಯಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಮೊದಲ ರಿಂಗಿಗೇ ಸ್ಮಿತಾ ಎತ್ತಿದಳು. ಬೆಳಗಿನಿಂದ ಫೋನನ್ನು ಕೈಯಲ್ಲೇ ಹಿಡಿದಿದ್ದಳೋ ಏನೋ. ಸಿರಿ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು.

"ಅಮ್ಮಾ, ಎರಡು ವರ್ಷ ಕೊಟ್ರು. ಫುಲ್ ಗ್ಯಾರಂಟಿ. ನೀ ಹೇಳಿದ್ದು ಛಲೋ ಆತು."

ಆ ಕಡೆ ಮೂಗೊರಸಿಕೊಂಡ ಸದ್ದು. ಖುಷಿಗೆ ಅಳುತ್ತಿದ್ದಾಳೆ ಎಂದು ನಾನು ಸಿರಿಗೆ ಸನ್ನೆ ಮಾಡಿದೆ. ಸ್ಮಿತಾ ನಿಧಾನವಾಗಿ ಕೇಳಿದಳು.

"ಅಂದ್ರ ಇನ್ನೂ ಎರಡು ವರ್ಷ ಅದಕ್ಕ ಅಡ್ಡ ಬೀಳತಿ ಏನವಾ?"

ಇದೇ ಗೆಲುವಿಗಾಗಿ ನಾನು ಚಳಿಗಾಲವೆಲ್ಲ ಬಡಿದಾಡಿದ್ದೆ. ಈ ಪ್ರಶ್ನೆಯನ್ನು ನನಗೆ ನಾನೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಹೂಂ ಅಮ್ಮಾ," ಎಂದಳು ಸಿರಿ. ಅವಳ ಮುಖ ನೋಡಿದೆ. ಅಷ್ಟು ಸಂತೋಷವನ್ನು ನಾನು ಯಾರ ಮುಖದ ಮೇಲೂ ಕಂಡಿರಲಿಲ್ಲ.