ಅಪ್ಪನ ಹತ್ತು ನಿಮಿಷ

ಮತ್ತೆ ಬದಲಾಯಿತು, ಫೋನಿನಲ್ಲಿ ಬರುವ ಲಾಗಿನ್ ಕೋಡು, ಆರಂಕಿ ಓದಿ ಮುಗಿಸುವುದರೊಳಗೆ ಹೊಸ ಆರಂಕಿ, ಪಕ್ಕದ ನೀಲಿ ಉಂಗುರ ಸವೆದು ಮಾಯವಾಗಿ ಮತ್ತೆ ತುಂಬಿಕೊಳ್ಳುತ್ತದೆ, ಹೊಡೆದೆ, ಸರ್ವರ್ ಒಪ್ಪಲಿಲ್ಲ, ಇನ್ನೊಂದು, ಅದೂ ಇಲ್ಲ, ಬೆಳಗಿನಿಂದ ಇದೇ ಆಯಿತು, ಕಣ್ಣು ಉರಿಯುತ್ತಿದೆ — ರಾಗಿಣಿ, ಆಯ್ತಾ, ಮ್ಯಾನೇಜರ್ ಸುಧೀಂದ್ರ ಸಾರ್ ಮತ್ತೆ ಫೋನು, ಆರಕ್ಕೆ ಹಳೇ ಪಾಸ್‌ವರ್ಡ್ ಲಾಗಿನ್ ಮುಚ್ಚಿಬಿಡ್ತೀವಿ, ಆಮೇಲೆ ಕೋಡ್ ಇಲ್ದೆ ಯಾರೂ ಒಳಗೆ ಬರೋ ಹಾಗಿಲ್ಲ, ಲ್ಯಾಬ್ ರಿಪೋರ್ಟೆಲ್ಲ ನಿಮ್ ಕೈಲೇ ಇರೋದು — ನನ್ನ ಕೈಯಲ್ಲಿರುವುದು ನಮ್ಮಪ್ಪನ ಫೋನು ಸಾರ್ ಎಂದು ಹೇಳಲಿಲ್ಲ, ನೋಡ್ತಾ ಇದೀನಿ ಸಾರ್ ಎಂದೆ. ಕೆಲಸದ ಫೋನಿನಲ್ಲಿ ಕೋಡ್ ಇರಬಾರದು, ಬೇರೆ ಫೋನು ಬೇಕು, ಅದು ಆಫೀಸಿನ ನಿಯಮ, ಮನೆಯಲ್ಲಿ ಬೇರೆ ಎಂದರೆ ಇದೊಂದೇ, ಅಪ್ಪ ತೀರಿಕೊಂಡ ಮೇಲೆ ಅಮ್ಮನ ದಿಂಬಿನ ಪಕ್ಕ ಇರುವುದು, ಬಿ.ಪಿ. ಮಾತ್ರೆಗೂ ಧಾರಾವಾಹಿಗೂ ಅಮ್ಮ ಗಂಟೆ ನೋಡುವುದು ಇದರಲ್ಲೇ.

ಎಲ್ಲಿ ತಪ್ಪಿದೆ, ಕ್ಯೂಆರ್ ಮತ್ತೆ ಸ್ಕ್ಯಾನ್ ಮಾಡಿದೆ, ಅದರೊಳಗಿನ ಗುಟ್ಟಿನ ಕೀ ಸರಿಯಿದೆ, ಸರ್ವರಿನ ಗಡಿಯಾರ ಸರಿಯಿದೆ, ಫೋನೂ ಸರ್ವರೂ ಮಾತಾಡಿಕೊಳ್ಳುವುದೇ ಇಲ್ಲ, ಅದೇ ಕೀ ಹಿಡಿದು, ಈ ಹೊತ್ತಿನ ಗಂಟೆ ಹಿಡಿದು, ತಮ್ಮ ಪಾಡಿಗೆ ತಾವು ಲೆಕ್ಕ ಹಾಕುತ್ತವೆ, ಗಂಟೆ ಒಂದೇ ಆದರೆ ಅಂಕಿಯೂ ಒಂದೇ — ಫೋನಿನಲ್ಲಿ ಐದೂ ಐವತ್ತು, ಅಂದರೆ ಐದೂ ನಲವತ್ತು. ಅಂದರೆ. ಅಯ್ಯೋ. ಬೆಳಗಿನಿಂದ ನೋಡಿದಾಗಲೆಲ್ಲ ಹತ್ತು ಕಳೆದೇ ನೋಡಿದ್ದೇನೆ, ಈ ಮನೆಯಲ್ಲಿ ಬೆಳೆದವಳಿಗೆ ಅದು ಕಳೆಯುವುದು ಅಂತಲೂ ಅನ್ನಿಸುವುದಿಲ್ಲ, ಅಪ್ಪನ ವಾಚು ಹತ್ತು ನಿಮಿಷ ಮುಂದೆ, ಗೋಡೆ ಗಡಿಯಾರ ಮುಂದೆ, ಫೋನು ಕೊಂಡಾಗ ತಾನೇ ಸರಿಹೋಗುವ ಗಂಟೆಯನ್ನು ಆಫ್ ಮಾಡಿಸಿ ಅದನ್ನೂ ಕೈಯಾರೆ ಮುಂದಿಟ್ಟ ಮಹಾನುಭಾವ, ಮದುವೆ ಮನೆಗೆ ವಾಲಗದವರಿಗಿಂತ ಮುಂಚೆ ಹೋಗಿ ಕೂತವರು, ಎಲ್ಲಿಗೆ ಹೊರಟರೂ ಚಪ್ಪಲಿ ಮೆಟ್ಟಿ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತಿರುವುದು, ನಾನು ಒಳಗಿಂದ ಜಡೆ ಹೆಣೆಯುತ್ತಾ, ಇನ್ನೂ ಹತ್ತು ನಿಮಿಷ ಇದೆ ಅಪ್ಪಾ, ಇದ್ರೆ ಇರ್ಲಿ ಬಾಮ್ಮ, ಚಪ್ಪಲಿ ಮೆಟ್ಟಿ, ಚಿಲಕದ ಮೇಲೆ ಕೈ.

ಸೆಟ್ಟಿಂಗ್ಸಿನಲ್ಲಿ ಒಂದು ಬಟನ್, ಅಷ್ಟೇ ಕೆಲಸ, ಒತ್ತಿದರೆ ಅಪ್ಪ ಇಟ್ಟಿದ್ದು ಹೋಗುತ್ತದೆ, ಆಮೇಲೆ ಮತ್ತೆ ಮುಂದಿಡೋಣವೆಂದರೆ ನಾಳೆಯೂ ಕೋಡ್ ಬೇಕು, ನಾಡಿದ್ದೂ ಬೇಕು, ಗೋಡೆ ಗಡಿಯಾರ ಕೆಟ್ಟು ಗುಜರಿಗೆ ಹೋಯಿತು, ವಾಚನ್ನು ಅಣ್ಣ ಒಯ್ದ, ಅಪ್ಪನ ಹತ್ತು ನಿಮಿಷ ಇನ್ನು ಉಳಿದಿರುವುದು ಇದರಲ್ಲಿ ಮಾತ್ರ — ಲ್ಯಾಬಿನಲ್ಲಿ ಯಾರದೋ ರಿಪೋರ್ಟಿಗೆ ಯಾರೋ ಕಾಯುತ್ತಿರುತ್ತಾರೆ, ನನಗೆ ಅಳುವುದಕ್ಕೂ ಸುಸ್ತು, ಒತ್ತಿದೆ. ಗಂಟೆ ಹಿಂದಕ್ಕೆ ಹೋಯಿತು, ಆರಂಕಿ ಹೊಡೆದೆ, ಸರ್ವರ್ ತಕ್ಷಣ ಒಳಗೆ ಬಿಟ್ಟಿತು, ಇಷ್ಟೇನಾ, ಆಯ್ತು ಸಾರ್, ಗುಡ್ ರಾಗಿಣಿ.

ಮುಗೀತೇನೇ, ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು, ಆರಕ್ಕೆ ಡಾಕ್ಟ್ರ ಹತ್ರ ಹೋಗ್ಬೇಕಲ್ಲ, ಫೋನು ಎತ್ತಿ ಕಣ್ಣಿಂದ ದೂರ ಹಿಡಿದು ನೋಡಿದಳು, ಐದೂಮುಕ್ಕಾಲು, ಅಂದ್ರೆ ಐದೂ ಮೂವತ್ತೈದು, ಬೇಕಾದಷ್ಟು ಟೈಮಿದೆ ಕಣೇ, ಕಾಫಿ ಕುಡ್ದೇ ಹೋಗಣ — ಇಲ್ಲಮ್ಮ, ಈಗ ಐದೂಮುಕ್ಕಾಲೇ, ಎನ್ನಬೇಕು, ಈಗಲೇ ಎನ್ನಬೇಕು, ಅಮ್ಮ ಹಾಲು ಇಟ್ಟಳು, ನಿಧಾನವಾಗಿ ಲೋಟ ತೊಳೆಯುತ್ತಿದ್ದಾಳೆ, ಹೊರಗೆ ಅಪ್ಪ ಚಪ್ಪಲಿ ಮೆಟ್ಟಿ, ಬಾಮ್ಮ ಎಂದೂ ಕರೆಯದೆ, ಚಿಲಕದ ಮೇಲೆ ಕೈ, ಚಿಲಕದ ಮೇಲೆ ಕೈ