ಬೆನ್ನು ಕೊಡದವನು

ಕುಸ್ತಿ ಪಂಜರದ ಮೇಲ್ತುದಿಯಲ್ಲಿ ನಿಂತು ಹಯಾತ ಕೆಳಗೆ ನೋಡಿದ. ಸವಣೂರಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಬ್ಬಿಣದ ಜಾಳಿಗೆಯ ಪಂಜರ ಎರಡಾಳೆತ್ತರಕ್ಕೂ ಮೀರಿತ್ತು. ಅದರ ಹೊರಗೆ, ನೇರ ಕೆಳಗೆ, ತೆಳು ಹಲಗೆಯ ಅಟ್ಟ, ಹಲಗೆಯಡಿ ಗಾದಿಗಳು. ಎದುರಾಳಿ ಚನ್ನೇಶ ಬೀಳಬೇಕಾದದ್ದು ಅಲ್ಲಿಗೆ.

"ಒಗೀಲೇ ಹಯಾತ, ಒಗಿ!" ಎಂದು ಸವಣೂರಿನವರು ಕೂಗಿದರು.

"ಮುಟ್ಟಿ ನೋಡಲೇ ಮಗನ!" ಎಂದು ಟೆಂಪೋ ತುಂಬಿಕೊಂಡು ಬಂದಿದ್ದ ದುಂಡಸಿಯವರು.

ಎರಡು ವರ್ಷಗಳಿಂದ ಇವರಿಬ್ಬರ ಹಗೆ ಈ ಸೀಮೆಗೆಲ್ಲ ಗೊತ್ತಿತ್ತು. ಹಿರೇಕೆರೂರಿನಲ್ಲಿ ಹಯಾತ ಎಲೆಯಡಿಕೆ ಉಗುಳಿ ಚನ್ನೇಶನ ತಲೆಯ ಬಿಳಿ ಪಟಕಾ ಕೆಂಪು ಮಾಡಿದ್ದ. ಹಾನಗಲ್ಲಿನಲ್ಲಿ ಚನ್ನೇಶ ಅವನ ಬೆನ್ನಿನ ಮೇಲೆ ಕುರ್ಚಿ ಮುರಿದಿದ್ದ. ನಿಜವೆಂದರೆ ಇಬ್ಬರೂ ಒಂದೇ ಬೈಕಿನ ಮೇಲೆ ಬರುತ್ತಿದ್ದರು. ಊರು ಕಾಣುವ ಮೊದಲೇ ಒಬ್ಬ ಇಳಿದು ಬಸ್ಸು ಹಿಡಿಯುತ್ತಿದ್ದ. ಅದು ಈ ತೋರಿಕೆ ಕುಸ್ತಿಯ ಕಸುಬಿನ ಕಟ್ಟಳೆ: ಗುಟ್ಟನ್ನು ಮನೆಯವರ ಮುಂದೂ ಬಿಟ್ಟುಕೊಡುವಂತಿಲ್ಲ. ಮುಂದಿನ ಸಾಲಿನಲ್ಲಿ ಇಂದು ಮೊದಲ ಸಲ ಬಂದು ಕುಳಿತಿದ್ದ ಚನ್ನೇಶನ ಅಪ್ಪ, ದುಂಡಸಿ ಗರಡಿಯ ಹಳೆಯ ಪೈಲವಾನ ಕರಿಬಸಪ್ಪ, ಇದನ್ನೆಲ್ಲ ಖರೆ ಎಂದೇ ನಂಬಿದ್ದ.

ಬೀಳುವುದನ್ನು ಚನ್ನೇಶನಿಗೆ ಹಯಾತನೇ ಕಲಿಸಿದ್ದ. "ಅಂಗಾತ ಬೀಳಬೇಕು. ಗದ್ದ ಎದಿಗೆ ಹಚ್ಚಿ, ಕೈ ಅಗಲ ಮಾಡಿ. ಬೆನ್ನು ಪೂರಾ ಒಮ್ಮೆಲೇ ತಾಗಿದ್ರ ಪೆಟ್ಟು ಹಂಚಿ ಹೋಗ್ತದ."

"ಬೆನ್ನು ಮಣ್ಣಿಗೆ ಹಚ್ಚಿದಿ ಅಂದ್ರ ಸೋತಿ ಅಂತ ನಮ್ಮಪ್ಪ ಸಣ್ಣಾಂವ ಇದ್ದಾಗಿಂದ ಬಡದಾನ," ಎಂದು ಚನ್ನೇಶ ನಕ್ಕಿದ್ದ. "ನೀ ನೋಡಿದ್ರ ಹಚ್ಚು ಅಂತಿ."

ಗರಡಿಯ ಮೈ ಅದು. ಕಾಲು ನೆಲ ಬಿಟ್ಟೊಡನೆ ಗಾಳಿಯಲ್ಲೇ ಬೆಕ್ಕಿನಂತೆ ಹೊರಳುತ್ತಿತ್ತು. ಹತ್ತಿ ಗೋದಾಮಿನ ಅಟ್ಟದಿಂದ ಬಿದ್ದು ಬಿದ್ದು ಅವನು ಆ ಚಾಳಿ ಬಿಟ್ಟಿದ್ದ. ಬಿಟ್ಟಿದ್ದಾನೆ ಎಂದು ಹಯಾತ ತಿಳಿದಿದ್ದ.

ಈಗ ತುದಿಯಲ್ಲಿ ಇಬ್ಬರೂ ಒಬ್ಬರ ಕುತ್ತಿಗೆಗೆ ಒಬ್ಬರು ಕೈಹಾಕಿ, ಹಣೆಗೆ ಹಣೆ ಕೊಟ್ಟು ನಿಂತಿದ್ದರು.

"ತಯಾರ ಅದೀ?" ಎಂದು ಹಯಾತ ತುಟಿ ಅಲುಗಿಸದೆ ಕೇಳಿದ.

"ದಬ್ಬೋ. ಖಾರಾ-ಚಹಾ ಇವತ್ತ ನಿಂದು."

ಹಯಾತ ಎರಡೂ ಕೈಯಿಂದ ಅವನ ಎದೆಗೆ ದಬ್ಬಿದ. ಚನ್ನೇಶ ಸರಿಯಾಗಿಯೇ ಹೋದ. ಬೆನ್ನು ಕೆಳಗೆ, ಗದ್ದ ಎದೆಗೆ, ಕೈ ಅಗಲ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ದನಿ ಎಲ್ಲರ ಗದ್ದಲವನ್ನೂ ಸೀಳಿ ಬಂತು:

"ಬೆನ್ನ ಕೊಡಬ್ಯಾಡಲೇ ಚನ್ಯಾ!"

ಗಾಳಿಯಲ್ಲೇ ಚನ್ನೇಶ ಹೊರಳಿದ.

ಹಲಗೆ ಮುರಿದ ಸದ್ದಿನೊಳಗೆ ಇನ್ನೊಂದು ಸದ್ದಿತ್ತು. ಅದು ಹಯಾತನಿಗೆ ಮಾತ್ರ ಕೇಳಿಸಿರಬೇಕು. ಜನ ಸೀಟಿ ಹೊಡೆದರು. ಯಾರೋ ಪಟಾಕಿ ಹಚ್ಚಿದರು. ತಲೆ ಮೊದಲಾಗಿ ಬಿದ್ದವನ ಕೈ ಮೈಕೆಳಗೆ ಮಡಚಿ ಸಿಕ್ಕಿತ್ತು. ಅದನ್ನು ಎಳೆದುಕೊಳ್ಳುವ ಯತ್ನವನ್ನೂ ಅವನು ಮಾಡಲಿಲ್ಲ.

ಜಾಳಿಗೆಗೆ ಅಂಗೈ ಹರಿದುಕೊಳ್ಳುತ್ತ ಹಯಾತ ಇಳಿದ. ಅಷ್ಟರಲ್ಲಾಗಲೇ ದುಂಡಸಿಯ ನಾಲ್ವರು ಚನ್ನೇಶನ ಕೈಕಾಲು ಹಿಡಿದಿದ್ದರು.

"ಎತ್ತಬ್ಯಾಡ್ರೀ! ಕುತ್ತಿಗಿ ಹ್ವಾದೀತು!" ಎಂದು ಅವನು ನಡುವೆ ನುಗ್ಗಿ ಮೊಣಕಾಲೂರಿ, ಗೆಳೆಯನ ತಲೆಯನ್ನು ಎರಡೂ ಅಂಗೈಗಳ ನಡುವೆ ಭದ್ರವಾಗಿ ಹಿಡಿದ. ಮೂಳೆ ಸರಿದಿದ್ದರೂ ಒಳಗಿನ ನರ ಉಳಿದಿರಬಹುದು. ತಲೆ ಒಂದು ಬೆರಳಿನಷ್ಟು ಹೊರಳಿದರೆ ಅದೂ ಇಲ್ಲ.

"ಏ, ಕುತ್ತಿಗಿ ಹಿಚಕಾಕತ್ತಾನ್ರೋ!" ಎಂದು ದುಂಡಸಿಯವನೊಬ್ಬ ಚೀರಿದ.

ಮೊದಲು ಬೆನ್ನಿಗೆ ಒದ್ದರು. ಆಮೇಲೆ ಕಿವಿಯ ಮೇಲೆ ಏನೋ ಬಡಿಯಿತು. ಹಯಾತ ಕೈ ಬಿಡಲಿಲ್ಲ. ಪೆಟ್ಟಿಗೆ ತನ್ನ ಕೈ ಅಲುಗಬಾರದು, ಅಷ್ಟೇ. ಮೊಣಕೈಗಳನ್ನು ನೆಲಕ್ಕೂರಿ ಹಲ್ಲು ಕಚ್ಚಿದ.

"ಹೊಡೀಬ್ಯಾಡ್ರಿ," ಎಂದಿತು ಅಂಗೈಗಳ ನಡುವಿನ ತಲೆ, ಉಸಿರಿಗಿಂತ ತುಸು ಗಟ್ಟಿಯಾಗಿ. "ಅಂವಾ ನನ್ನ ದೋಸ್ತ ಅದಾನ."

ಒದೆಯಲು ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಆ ಮಾತು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಅದು ಹೋದಲ್ಲೆಲ್ಲ ಸೀಟಿ ನಿಂತಿತು.

ಆಂಬುಲೆನ್ಸಿನವ ಬಂದು ಕುತ್ತಿಗೆಗೆ ಪಟ್ಟಿ ಕಟ್ಟಿದ. ಅಂಗಾಲುಗಳನ್ನು ಪೆನ್ನಿನಿಂದ ಗೀರಿದ. ಎಡಗಾಲಿನ ಹೆಬ್ಬೆರಳು ಮಿಸುಕಿತು. ಬಲಗಾಲು ಸುಮ್ಮನಿತ್ತು. ಅವನು ಇನ್ನೊಮ್ಮೆ ಗೀರಿದ.

"ಕೈ ತಗೀರಿ ಇನ್ನ," ಎಂದ. ಹಯಾತನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಆಂಬುಲೆನ್ಸಿನವನೇ ಒಂದೊಂದಾಗಿ ಬಿಡಿಸಬೇಕಾಯಿತು.

ಸ್ಟ್ರೆಚರ್ ಹೋದ ಮೇಲೂ ಕರಿಬಸಪ್ಪ ಮುರಿದ ಹಲಗೆಯ ಹತ್ತಿರವೇ ನಿಂತಿದ್ದ.

"ಚಲೋ ಬೀಳಾಕತ್ತಿದ್ದಾ," ಎಂದ. "ನಡಬರಕ ಯಾಕ ಹೊಳ್ಳಿದಾ?"

ಹಯಾತನ ಕಿವಿಯಿಂದ ರಕ್ತ ಇಳಿಯುತ್ತಿತ್ತು. "ನಂದ ತಪ್ಪರಿ ಕಾಕಾ," ಎಂದ. "ನಾನ ಅಡ್ಡಾತಿಡ್ಡಿ ದಬ್ಬಿದೆ."

ಮುದುಕ ಅವನನ್ನು ನೋಡಿದ. ನಾಲ್ಕು ದಶಕ ಹುಡುಗರ ಪಟ್ಟು ನೋಡಿ ಪಳಗಿದ ಕಣ್ಣು ಅದು.

"ನೀ ನೆಟ್ಟಗ ದಬ್ಬಿದಿ," ಎಂದ. "ನಾನ ಒದರಿದೆ."

ಆಂಬುಲೆನ್ಸ್ ಶುರುವಾಯಿತು. ಹಯಾತ ಮುದುಕನ ರಟ್ಟೆಗೆ ಕೈಕೊಟ್ಟು ಅದರತ್ತ ನಡೆಸಿಕೊಂಡು ಹೋದ.