ಹಳ್ಳದ ಆಚೆ ಬಿದ್ದ ಜಿಂಕೆ

ಬೇಟೆಯ ಕಾಲ ಶುರುವಾದ ಮೊದಲ ಶನಿವಾರವೇ ವರ್ಲಿನ್ ಟೆಶ್‌ನ ಕಡಸೊಂದು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತಿತು. ಪಕ್ಕದ ಜಮೀನಿನ ರೋಲಂಡ್ ಪ್ರಿಬಿಲ್‌ನ ಮನೆಗೆ ಮಿಲ್ವಾಕಿ ನಗರದಿಂದ ಅವನ ತಂಗಿಯ ಗಂಡ ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದ. ಜಿಂಕೆಯ ಜಾಡು ಹಿಡಿದ ಆ ಗುಂಪು ವರ್ಲಿನ್‌ನ ತಂತಿಬೇಲಿ ಕತ್ತರಿಸಿ, ಮೇವಿನ ಹೊಲದಲ್ಲಿ ಗಾಡಿ ಓಡಿಸಿ, ಕಾಡಿಗೆ ನುಗ್ಗಿತ್ತು. ತೆರೆದ ಬೇಲಿಯಿಂದ ದನಗಳು ರಸ್ತೆಗೆ ಬಿದ್ದವು.

ಕಡಸು ಹೋದದ್ದಕ್ಕಿಂತ ರೋಲಂಡ್ ಬಾರದೆ ಹೋದದ್ದು ವರ್ಲಿನ್‌ನ ಎದೆಗೆ ನಾಟಿತು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಒಬ್ಬರ ಹುಲ್ಲನ್ನು ಇನ್ನೊಬ್ಬರು ಒಟ್ಟಿದವರು. ಬಂದು 'ತಪ್ಪಾಯ್ತು ಕಣೋ' ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರೋಲಂಡ್ ಬರಲಿಲ್ಲ. ಬದಲಿಗೆ ಮೇವಿನ ಅಂಗಡಿಯಲ್ಲಿ ಯಾರ ಹತ್ತಿರವೋ, "ಬೇಲಿ ಗಟ್ಟಿಯಾಗಿದ್ದಿದ್ರೆ ದನ ಯಾಕೆ ಹೊರಗೆ ಬರ್ತಿತ್ತು?" ಅಂದನಂತೆ. ಆ ಮಾತು ಸಂಜೆಯೊಳಗೆ ವರ್ಲಿನ್‌ನ ಕೊಟ್ಟಿಗೆ ಮುಟ್ಟಿತು.

ಮರುದಿನವೇ ಅವನು ಗಡಿಯುದ್ದಕ್ಕೂ 'ಪ್ರವೇಶವಿಲ್ಲ' ಎಂಬ ಬೋರ್ಡು ಹೊಡೆದ. ಹಿಂದಿನ ಕಾಡಿಗೆ ಹೋಗುವ ಗಾಡಿದಾರಿಗೆ ಸರಪಳಿ ಬಿಗಿದು ಬೀಗ ಹಾಕಿದ. ದಾರಿ ಅವನದೇ. ಆದರೆ ಅದರ ಕೊನೆಯಲ್ಲಿದ್ದ ಕಾಡಿನ ತುಂಡು ರೋಲಂಡ್‌ನ ಹೆಂಡತಿ ಲವೋನ್‌ಗೆ ತಂದೆಯಿಂದ ಬಂದದ್ದು. ಅಲ್ಲಿಗೆ ಬೇರೆ ದಾರಿಯೆಂದರೆ ಜೌಗು ಸುತ್ತಿ ಮೊಣಕಾಲುದ್ದ ಕೆಸರಿನಲ್ಲಿ ನಡೆಯಬೇಕು. ಅವಳ ಅಪ್ಪನ ಕಾಲದಿಂದಲೂ ಯಾರ ಅಪ್ಪಣೆಯೂ ಇಲ್ಲದೆ ಅವರು ಈ ದಾರಿಯಲ್ಲೇ ಓಡಾಡಿದ್ದರು.

ಬೇಟೆ ಇಲಾಖೆಯ ಅಧಿಕಾರಿ ಬಂದು ನೋಡಿದ. ಚಿಕ್ಕ ವಯಸ್ಸಿನವನು, ಮಾತು ಮೆತ್ತಗೆ. "ಟೆಶ್ ಅವರೇ, ಕಾನೂನು ನಿಮ್ಮ ಕಡೆಗಿದೆ. ಬೇಲಿ ಕತ್ತರಿಸಿದವರಿಗೆ ದಂಡ ಹಾಕ್ತೀನಿ. ದಾರಿ ವಿಷಯ ಮಾತ್ರ ನೀವಿಬ್ಬರೇ ಒಂದ್ಸಲ ಕೂತು ಮಾತಾಡಿ."

"ಅವನು ಬರಲಿ, ಮಾತಾಡ್ತೀನಿ."

"ನೀವೇ ಹೋದ್ರೆ?"

"ಸತ್ತಿದ್ದು ನನ್ನ ಕಡಸು ಸ್ವಾಮಿ, ಅವನದಲ್ಲ."

ಹೀಗೆ ಚಳಿಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಲವೋನ್ ಮತ್ತು ವರ್ಲಿನ್‌ನ ಹೆಂಡತಿ ಆರ್ಡಿಸ್ ಮೊದಲು ಒಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರು ಕಾಫಿ ಕಾಯಿಸಿಕೊಳ್ಳುವಷ್ಟು ಸಲಿಗೆಯವರು. ಗಂಡಂದಿರ ಮುಖ ನೋಡಿ ಅವರೂ ಹಿಂಜರಿದರು. ಲವೋನ್ ಚರ್ಚಿಗೆ ಬರುವುದು ನಿಂತಾಗ ಆರ್ಡಿಸ್, "ಏನೋ ಮೈ ಹುಷಾರಿಲ್ವಂತೆ. ಹೋಗಿ ಬರ್ಲಾ?" ಎಂದಳು. "ಹೋಗು, ಬೇಡ ಅಂದವರ್ಯಾರು?" ಎಂದು ವರ್ಲಿನ್ ಪೇಪರಿನಿಂದ ತಲೆಯೆತ್ತದೆ ಹೇಳಿದ. ಆ ಧ್ವನಿ ಕೇಳಿ ಅವಳು ಹೋಗಲಿಲ್ಲ.

ಮತ್ತೆ ನವೆಂಬರ್ ಬಂತು. ಬೇಟೆಯ ಕಾಲ ಮುಗಿಯುತ್ತ ಬಂದ ಒಂದು ಮಧ್ಯಾಹ್ನ ರೋಲಂಡ್ ಬಾಗಿಲಿಗೆ ಬಂದು ನಿಂತ. ಬೇಟೆಗಾರರು ಹಾಕುವ ಕಿತ್ತಳೆ ಬಣ್ಣದ ಟೋಪಿ ಕೈಯಲ್ಲಿತ್ತು. ಮುಖ ಬಾಡಿತ್ತು, ಗಡ್ಡ ಬೋಳಿಸಿರಲಿಲ್ಲ.

"ವರ್ಲಿನ್, ಒಂದು ಜಿಂಕೆ ನಿನ್ನ ಕಡೆ ಬಿದ್ದಿದೆ. ಹೊಡೆದಿದ್ದು ನಮ್ಮ ಜಾಗದಿಂದಲೇ. ಏಟು ತಿಂದು ಗಡಿಯ ಹಳ್ಳ ಹಾರಿಬಿಡ್ತು. ಎಳ್ಕೊಂಡು ಹೋಗ್ತೀನಿ. ಬಂದೂಕು ಮನೇಲೇ ಇಟ್ಟು ಬಂದಿದ್ದೀನಿ."

"ಓಹೋ, ಕೇಳೋದು ಬರುತ್ತೆ ಹಾಗಾದ್ರೆ ನಿನಗೆ."

"ಕೇಳ್ತಾ ಇದ್ದೀನಲ್ಲೋ."

"ಹೋದ ವರ್ಷ ಬೇಲಿ ಕತ್ತರಿಸುವಾಗ ಬಾಯಿ ಬಿದ್ದುಹೋಗಿತ್ತಾ?"

"ಅದು ನಾನಲ್ಲ."

"ನಿನ್ನ ಮನೇಲಿ ಉಂಡು ಮಲಗಿದ್ದವರು. ಎರಡೂ ಒಂದೇ."

ರೋಲಂಡ್ ಟೋಪಿಯನ್ನು ತಿರುವುತ್ತ ನಿಂತ. "ಇದು ನನಗಲ್ಲ ಕಣೋ," ಎಂದ ಸಣ್ಣಗೆ.

"ಯಾರಿಗಾದ್ರೂ ಆಗ್ಲಿ. ಬೋರ್ಡು ಹಾಕಿದ್ದೀನಿ, ಓದಕ್ಕೆ ಬರುತ್ತಲ್ಲ? ಒಂದೇ ಮೇಷ್ಟ್ರು ಕಲಿಸಿದ್ದು ನಮಗೆ."

ಮಾತು ಬಾಯಿಂದ ಬಿದ್ದಾಗ ವರ್ಲಿನ್‌ಗೆ ಹಿತವೆನಿಸಿತು. ಇಡೀ ವರ್ಷ ಅದನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಂತೆ ಇದ್ದನಲ್ಲ! ರೋಲಂಡ್ ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ.

ಒಳಗಿದ್ದ ಆರ್ಡಿಸ್‌ಗೆ ಎಲ್ಲವೂ ಕೇಳಿಸಿತ್ತು. "ತಿನ್ನೋ ಮಾಂಸ ಮಣ್ಣುಪಾಲು ಮಾಡ್ತೀಯಲ್ಲ. ನಿಮ್ಮಪ್ಪ ಇದ್ದಿದ್ರೆ ಮುಖಕ್ಕೆ ಉಗಿಯೋರು," ಎಂದಳು. ವರ್ಲಿನ್ ಕೊಟ್ಟಿಗೆಗೆ ನಡೆದ. ಆದರೆ ಹಾಲು ಕರೆಯುವಾಗಲೂ ಅದೇ ಮಾತು ಕಿವಿಯಲ್ಲಿ ಕೊರೆಯಿತು. ಬೆಳಿಗ್ಗೆ ತಾನೇ ಜಿಂಕೆಯನ್ನು ಎಳೆದು ತಂದು ಅವನ ಅಂಗಳದಲ್ಲಿ ಹಾಕಿಬಿಡೋಣ, ಮಾತಾಡುವುದು ಬೇಡ ಎಂದುಕೊಂಡು ಮಲಗಿದ. ಬೆಳಿಗ್ಗೆ ಹೋಗಿ ನೋಡಿದರೆ ತೋಳದಂಥ ಕಯೋಟಿಗಳ ಹಿಂಡು ಬಂದು ಹೋಗಿತ್ತು. ಹಿಮದಲ್ಲಿ ಪಕ್ಕೆಲುಬುಗಳು ಉಳಿದಿದ್ದವು, ಮೇಲೆ ಕಾಗೆಗಳು ಕೂತಿದ್ದವು. ಅವನು ಕಾಗೆಗಳನ್ನು ಓಡಿಸಿದ. ಅವು ಪಕ್ಕದ ಮರದಲ್ಲಿ ಕೂತು, ಅವನು ಬೆನ್ನು ತಿರುಗಿಸಿದ ಕೂಡಲೇ ಇಳಿದವು.

ಕ್ರಿಸ್ಮಸ್ ಹತ್ತಿರವಿದ್ದಾಗ ಲವೋನ್ ತೀರಿಕೊಂಡ ಸುದ್ದಿ ಬಂತು. ನೆಲ ಹೆಪ್ಪುಗಟ್ಟಿತ್ತು, ಮಣ್ಣು ಮಾಡುವುದು ವಸಂತಕ್ಕೇ. ಚರ್ಚಿನಲ್ಲಿ ಪ್ರಾರ್ಥನೆ ಮಾತ್ರ ಆಯಿತು. ವರ್ಲಿನ್ ಕೊನೆಯ ಸಾಲಿನಲ್ಲಿ ಕೂತು, ಮುಗಿಯುತ್ತಲೇ ಗಾಡಿಗೆ ಹೋಗಿ ಕಾದ. ಆರ್ಡಿಸ್ ಊಟಕ್ಕೆ ನಿಂತವಳು ಬಂದು ಪಕ್ಕದಲ್ಲಿ ಕೂತಳು. ಕೈಗವಸು ಹಾಕಿಕೊಳ್ಳಲೂ ಮರೆತಿದ್ದಳು.

"ಹೊಟ್ಟೆಯ ಕ್ಯಾನ್ಸರ್ ಅಂತೆ. ಬೇಸಿಗೆಯಿಂದಲೂ. ಯಾರಿಗೂ ಹೇಳಬೇಡಿ ಅಂದಿದ್ಲಂತೆ."

ವರ್ಲಿನ್ ಗಾಡಿ ಶುರು ಮಾಡಲಿಲ್ಲ.

"ಅವಳ ತಂಗಿ ಹೇಳಿದ್ಲು. ಕೊನೇ ಸಲ ಆ ಕಾಡಲ್ಲಿ ಅಪ್ಪ ಬೇಟೆಗೆ ಕಟ್ಟಿದ್ದ ಅಟ್ಟಣೆಯಲ್ಲಿ ಕೂರಬೇಕು ಅಂತ ಆಸೆ ಇತ್ತಂತೆ. ದಾರಿ ಇಲ್ಲವಲ್ಲ. ಕಂಬಳಿ ಸುತ್ತಿ ಎತ್ಕೊಂಡು ಹೋಗಿ ಹಳ್ಳದ ದಂಡೇಲಿ ಕೂರಿಸಿದನಂತೆ ರೋಲಂಡ್. ಆ ಜಿಂಕೆ ಅವಳು ಹೊಡೆದಿದ್ದು, ವರ್ಲಿನ್."

ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಸರಪಳಿ ಬಿಚ್ಚಿ ಕೊಟ್ಟಿಗೆಯಲ್ಲಿ ಎಸೆದ. ಬೋರ್ಡುಗಳನ್ನು ಕಿತ್ತ. ಅಷ್ಟು ಮಾಡಿದರೂ ಕಾಲು ಆ ಮನೆಯ ಕಡೆ ಏಳಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಹಾಲು ಕರೆದ ಬಟ್ಟೆಯಲ್ಲೇ ಹೋಗಿ ಬಾಗಿಲು ತಟ್ಟಿದ.

ರೋಲಂಡ್ ಒಳಗೆ ಕರೆದು ಕಾಫಿ ಇಟ್ಟ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ವರ್ಲಿನ್‌ಗೆ.

"ನೀನು ಹೇಳಬೇಕಿತ್ತಲ್ಲೋ," ಎಂದ ಅವನು. "ಲವೋನ್ ಹೊಡೆದಿದ್ದು ಅಂತ ಒಂದು ಮಾತು ಅಂದಿದ್ರೆ..."

"ಅವಳ ಕಾಯಿಲೆ ಮುಂದಿಟ್ಟು ಬೇಡಬೇಕಿತ್ತಾ?"

ವರ್ಲಿನ್ ಲೋಟ ಕೆಳಗಿಟ್ಟ. "ತಪ್ಪಾಯ್ತು," ಎಂದ.

"ನಾನೂ ಕಡಸು ಸತ್ತ ದಿನವೇ ಬರಬೇಕಿತ್ತು. ಕೋಟು ಹಾಕ್ಕೊಂಡು ನಿನ್ನ ಅಂಗಳದವರೆಗೂ ಬಂದಿದ್ದೆ. ನಾಚಿಕೆಯಾಯ್ತು, ವಾಪಸ್ ಹೋದೆ. ನಾಚಿಕೆ ಮುಚ್ಚೋಕೆ ಅಂಗಡೀಲಿ ಇಲ್ಲದ್ದು ಆಡಿದೆ."

ರೋಲಂಡ್ ಕಿಟಕಿಯಾಚೆಯ ಹಿಮ ನೋಡುತ್ತ, ಯಾರೂ ಕೇಳದೆಯೇ ಹೇಳತೊಡಗಿದ.

"ಅವತ್ತು ನಾನು ಮನೆಗೆ ಬರ್ತಿದ್ದ ಹಾಗೇ 'ಸಿಕ್ತಾ?' ಅಂದ್ಲು. ಸಿಕ್ತು ಅಂದೆ. ಕೊಂಬು ಎಷ್ಟು ಕವಲು ಅಂದ್ಲು. ಬಾಯಿಗೆ ಬಂದಿದ್ದು ಹೇಳಿದೆ. ಹಳೇ ಜಿಂಕೆ ಮಾಂಸ ಫ್ರೀಜರಿನಲ್ಲಿತ್ತು, ಬೆಣ್ಣೇಲಿ ಹುರಿದು ಕೊಟ್ಟೆ. ಎರಡು ತುತ್ತು ತಿಂದ್ಲು. ಚೆನ್ನಾಗಿದೆ ಅಂದ್ಲು." ಅವನು ಲೋಟವನ್ನು ಮೇಜಿನ ಮೇಲೆ ಸರಿಸಿದ. "ಆಮೇಲೆ, ಆರ್ಡಿಸ್‌ಗೂ ಒಂದು ಪಾಲು ಕಳಿಸು ಅಂದ್ಲು. ಕಳಿಸಿದೆ ಅಂದೆ. ವರ್ಲಿನ್ ಏನಂದ ಅಂತ ಕೇಳಿದ್ಲು. ಖುಷಿಪಟ್ಟ ಅಂತ ಹೇಳಿದೆ."

ವರ್ಲಿನ್ ಮೇಜಿನ ಅಂಚು ಹಿಡಿದುಕೊಂಡು ಕೂತ. ಅಳು ಬಂದರೆ ಈ ಮನೆಯಲ್ಲಿ ಅಳುವ ಹಕ್ಕು ತನಗಿಲ್ಲ ಎನಿಸಿತು. ರೋಲಂಡ್ ಎದ್ದು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಹಾಕಿದ, ಹೆಗಲು ಮುಟ್ಟಲಿಲ್ಲ.

ಮನೆಗೆ ಬಂದಾಗ ಆರ್ಡಿಸ್ ಬಾಗಿಲಲ್ಲೇ ನಿಂತಿದ್ದಳು. "ಏನಂದ?"

ಎಲ್ಲವನ್ನೂ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಆದರೆ ಅವಳಿಗೆಂದು ಲವೋನ್ ಹೇಳಿದ ಪಾಲಿನ ಮಾತನ್ನು ಅವಳ ಎದುರು ಆಡಲಾಗಲಿಲ್ಲ.

"ಕಾಫಿ ಕೊಟ್ಟ," ಎಂದು ಬೂಟು ಕಳಚಲು ಕುಕ್ಕರಿಸಿದ.